ರುಚಿ ನೋಡಿದ್ದು ಮಾತ್ರ

ಮುಂಬೈಯ ಪವಾಯಿಯ ಬಸ್ ಸ್ಟಾಪಿನಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ಹೋಟೆಲ್ ಅಡುಗೆಯವರ ಸಕ್ಕರೆ ಕಾಯಿಲೆಯ ಮೇಲೆ ಸಂಶೋಧನೆ ಮಾಡುವ ವೈಶಾಲಿ ಮೇಡಂ. ಅವರ ಪರೀಕ್ಷೆಗೆ ವರ್ಷಗಳಿಂದ ರಕ್ತ ಕೊಡುತ್ತಿದ್ದ ಅಡುಗೆಯವ ಕಾಂತಪ್ಪ. ಮಾತಿನಿಂದಲೇ ಇಷ್ಟು ತಿಳಿಯಿತು.

“ಖಾಲಿ ಹೊಟ್ಟೀಲೆ ಬರ್ರಿ ಅಂತ ಪ್ರತಿ ಸಲ ಹೇಳಿದ್ದೆ ಅಲ್ರಿ, ಕಾಂತಪ್ಪ?”

“ಹಾಗೇ ಬಂದದ್ದು ಮೇಡಂ. ಬೆಳಿಗ್ಗೆ ಸಾಂಬಾರು, ಚಟ್ನಿ, ಶೀರಾ ರುಚಿ ನೋಡಿದ್ದು ಮಾತ್ರ.”

“ಶೀರಾನೂ?”

“ರುಚಿ ನೋಡಿದ್ದು ತಿಂದ ಹಾಗೆ ಆಗ್ತದಾ? ನೋಡದೆ ಗಿರಾಕಿಗೆ ಕೊಡ್ಲಿಕ್ಕೆ ಆಗ್ತದಾ?”

“ಉಳಿದ ಅಡಗಿಯವರೂ ಹಂಗ ಮಾಡ್ಯಾರೇನು?”

“ಎಲ್ಲರೂ. ಅಡುಗೆಯವರಲ್ವಾ!”



“ಹಂಗಾದ್ರ ನಮ್ಮ ಲೆಕ್ಕಾನ ತಪ್ಪಾತು. ಎಲ್ಲಾ ಪತ್ರಿಕೆಯೊಳಗ ಛಾಪಿಸಿಬಿಟ್ಟೇವಿ. ಅದು ತಪ್ಪು ಅಂತ ಈಗ ಅವರಿಗೆ ಬರದು ತಿಳಸಬೇಕು.”

“ಬಿಡಿ ಮೇಡಂ, ಯಾರಿಗೆ ಗೊತ್ತಾಗ್ತದೆ? ಎಷ್ಟು ವರ್ಷದ ಕೆಲಸ ನಿಮ್ಮದು!”

“ಸಾಂಬಾರು ತಳ ಹಿಡದ್ರ ಗಿರಾಕಿಗೆ ಬಡಸ್ತೀರೇನು?”

“ಛೇ! ಇಡೀ ಪಾತ್ರೆ ಚೆಲ್ತೇನೆ.”

“ಮತ್ತ?”

ಅವರ ಬಸ್ಸು ಬಂತು. ಮೇಡಂ ಮುಂದೆ ಹತ್ತಿದರು. ಕಾಂತಪ್ಪ ಮೆಟ್ಟಿಲಲ್ಲೇ ಹೇಳುತ್ತಿದ್ದ:

“ನಾಳೆ ಒಲೆ ಹಚ್ಚುವ ಮೊದಲೇ ಬರ್ತೇನೆ ಮೇಡಂ. ಇನ್ನೊಮ್ಮೆ ರಕ್ತ ತಗೊಳ್ಳಿ.”