ಸಿಂಕಿಗೆ ಬಿದ್ದ ಹಲ್ಲುಸೆಟ್ಟು

ಹಲ್ಲಿನ ಡಾಕ್ಟರ ಹತ್ತಿರ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅಕ್ಕ-ತಂಗಿ ಕೂತಿದ್ದರು. ಅಕ್ಕನ ಗಂಡ ಒಳಗಿದ್ದರು.

"ಭಾವ ಪಾತ್ರೆ ತೊಳೆಯೋ ವಿಡಿಯೋನ ನಮ್ಮ ಆಫೀಸಲ್ಲಿ ಎಲ್ರೂ ನೋಡಿದಾರೆ ಕಣೇ ಅಕ್ಕ."

"ತೊಳೆಯೋದೆಲ್ಲಿ ಬಂತು! ಸಿಂಕಿಗೆ ಬಿದ್ದ ಹಲ್ಲುಸೆಟ್ಟು ಹುಡುಕ್ತಿದ್ರು. ಸೊಸೆ ಅದನ್ನೇ ಫೋನಲ್ಲಿ ವಿಡಿಯೋ ಹಿಡಿದು 'ನಮ್ಮ ಮಾವ, ಆದರ್ಶ ಗಂಡ' ಅಂತ ಹಾಕಿಬಿಟ್ಟಳು."

"ಅಯ್ಯೋ! ನಮ್ಮನೆಯವರು ಅದನ್ನ ನೋಡೇ ನಾಚ್ಕೊಂಡು ದಿನಾ ಪಾತ್ರೆ ತೊಳೀತಿದಾರೆ."

"ನಮ್ಮ ಬೀದಿ ಗಂಡಸರೂ ಅಷ್ಟೇ. ಇವರಿಗೆ ಹಿಡಿಶಾಪ ಹಾಕ್ಕೊಂಡು ತೊಳೀತಾರೆ."

"ಮತ್ತೆ ಭಾವ?"

"ಟಿವಿಯವರೂ ಬಂದು ಹೊಗಳಿ ಹೋದ್ರು. ಇನ್ನು ಇಲ್ಲ ಅನ್ನೋಕಾಗುತ್ತಾ? ಅವತ್ತಿಂದ ಪಾತ್ರೆ ಅವರದೇ."

"ನಿಜ ಯಾರಿಗೂ ಹೇಳಿಲ್ವಾ?"

"ನನಗೇನು ತಲೆ ಕೆಟ್ಟಿದ್ಯಾ? ನೀನೂ ಬಾಯಿ ಬಿಟ್ಟೀಯ! ನಾಳೆಯಿಂದ ನಿಮ್ಮನೇಲಿ ನೀನೇ ತೊಳೀಬೇಕಾಗುತ್ತೆ."

"ನಾನ್ಯಾಕೆ ಬಿಡಲಿ ಬಾಯಿ?"

ಬಾಗಿಲು ತೆರೆಯಿತು. ಹೊಸ ಹಲ್ಲು ಹೊಳೆಯಿಸುತ್ತ ಭಾವ ಬಂದರು. ಹಿಂದೆಯೇ ಬಂದ ನರ್ಸ್ ಫೋನು ಎತ್ತಿ ಹಿಡಿದಳು.

"ವಿಡಿಯೋದಲ್ಲಿರೋರು ನೀವೇ ಅಲ್ವಾ ಸರ್? ಯಾವಾಗಿಂದ ಪಾತ್ರೆ ತೊಳೀತಿದೀರಿ?"

"ಮದುವೆಯಾದಾಗಿಂದ ಕಣಮ್ಮ," ಎಂದರು ಭಾವ, ಎದೆಯುಬ್ಬಿಸಿ.

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಮಾತ್ರ ಒಂಚೂರೂ ನಗದೆ ಎದ್ದು ನಿಂತಳು.

"ನಡೀರಿ, ಬೆಳಗಿನ ಪಾತ್ರೆ ಹಾಗೇ ಬಿದ್ದಿದೆ."