ಒಲೆಗೆ ಹೋದ ಹೊಸ್ತಿಲು

ಇದು ನನ್ನ ಚಿಕ್ಕಮ್ಮನ ಮಗ ಮಾನ್‌ಸೊಕ್‌ಗೆ ಆದದ್ದು. ಜೆಜು ದ್ವೀಪದ ಪಡುವಣ ಕರಾವಳಿಯಲ್ಲಿ, ನಮ್ಮೂರಿನಲ್ಲೇ. ಅವನ ಹೆಂಡತಿ ಇನ್‌ಸುನ್ ಹೇಳಿದ್ದನ್ನೂ ಕೇಳಿದ್ದೇನೆ, ಅವನ ಅಣ್ಣ ಚಾನ್‌ಗುಕ್ ಹೇಳಿದ್ದನ್ನೂ ಕೇಳಿದ್ದೇನೆ. ಆ ಇಬ್ಬರಿಗೂ ಅಂದಿನಿಂದ ಮಾತಿಲ್ಲ. ಕೂಡಿ ಕಟ್ಟಿದ ಕತೆ ಅನ್ನುವ ಹಾಗಿಲ್ಲ.

ಆ ರಾತ್ರಿ ಮಾನ್‌ಸೊಕ್ ಮೇಲಿನ ಕೇರಿಯಿಂದ ಒಬ್ಬನೇ ಮನೆಗೆ ಬರುತ್ತಿದ್ದ. ಅವನ ಅವ್ವ, ಅಂದರೆ ನನ್ನ ಚಿಕ್ಕಮ್ಮ, ಸತ್ತು ವರ್ಷ ತುಂಬಿದ ರಾತ್ರಿ. ಸತ್ತವರಿಗೆ ಎಡೆ ಇಡುವುದು ನಡುರಾತ್ರಿ ಕಳೆದ ಮೇಲೆ. ನಮ್ಮಲ್ಲಿ ಗಂಡುಮಕ್ಕಳು ಹೊಲದ ಹಾಗೆ ಎಡೆಗಳನ್ನೂ ಪಾಲು ಮಾಡಿಕೊಳ್ಳುತ್ತಾರೆ. ಅಪ್ಪನ ಎಡೆ ಚಾನ್‌ಗುಕ್‌ಗೆ ಹೋಗಿತ್ತು. ಅವ್ವನದು ಕಿರಿಯವನಿಗೆ. ಅಣ್ಣನನ್ನು ಕರೆದು ಬರಲು ಹೋಗಿದ್ದ ಮಾನ್‌ಸೊಕ್ ಬರಿಗೈಯಲ್ಲಿ ವಾಪಸಾಗುತ್ತಿದ್ದ.

ಚಿಕ್ಕಮ್ಮ ಕಡಲಿನಡಿಗೆ ಇಳಿದು ಚಿಪ್ಪು ಕೀಳುವವಳು. ಕಡಲಲ್ಲೇ ಹೋದಳು. ಹೆಣ ಸಿಗಲು ಬಹಳ ದಿನ ಹಿಡಿಯಿತು, ಅದೂ ಚಳಿಯಲ್ಲಿ. ಮಾನ್‌ಸೊಕ್‌ಗೆ ಇದ್ದದ್ದು ಒಂದೇ ಹಂಬಲ. ಅವ್ವನನ್ನು ಒಮ್ಮೆ ಬೆಚ್ಚಗಿನ ನೆಲದ ಮೇಲೆ ಕೂರಿಸಿ ಬಿಸಿ ಅನ್ನ ಉಣ್ಣಿಸಬೇಕು. ವರ್ಷವಿಡೀ ಅದನ್ನೇ ಹೇಳುತ್ತಿದ್ದ.

ಅಣ್ಣ ಬರಲಿಲ್ಲ, ಕಾರಣ ಬಾಗಿಲು. ಮನೆ ಪಾಲಾದಾಗ ಚಾನ್‌ಗುಕ್ ಒಂದು ಮಾತು ಆಡಿದ್ದ: ಈ ಹಂದಿಗೂಡಿನ ಬಾಗಿಲಲ್ಲಿ ಅವ್ವ ಬಗ್ಗಿಕೊಂಡು ಬರಬೇಕಾ ಎಂದು. ಆ ಮಾತು ಮಾನ್‌ಸೊಕ್‌ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿದಿತ್ತು. ಎಡೆ ಹತ್ತಿರ ಬಂದಾಗ ಪೇಟೆಯಿಂದ ಆಳು ಕರೆಸಿ ಹಳೆಯ ಮರದ ಬಾಗಿಲು ಕಿತ್ತು, ಮಸುಕು ಗಾಜಿನ ಸರಿಸುವ ಬಾಗಿಲು ಹಾಕಿಸಿದ. ಕೆಳಗೆ ಅಲ್ಯೂಮಿನಿಯಂ ಕಂಬಿ. ಹೊಸ್ತಿಲು ಹೋಯಿತು.

ಮನೆ ಮುಟ್ಟಲು ನಮ್ಮಲ್ಲಿ ಕಾಲವಿದೆ. ಚಳಿಗಾಲದ ಕೊನೆಯಲ್ಲಿ ಕೆಲವು ದಿನ ಮನೆದೇವರುಗಳೆಲ್ಲ ಮೇಲೆ ಹೋಗಿರುತ್ತಾರೆ. ಹಳಬರು ಹೋಗಿ ಹೊಸಬರು ಬರುವ ಸಂದು ಅದು. ಒಲೆ ಕೀಳುವುದು, ಗೋಡೆ ಒಡೆಯುವುದು, ಮನೆ ಬದಲಿಸುವುದು, ಎಲ್ಲ ಆಗಲೇ. ಮಾನ್‌ಸೊಕ್ ಮುಟ್ಟಿದ್ದು ತೋಟದ ಕಿತ್ತಳೆಹಣ್ಣಿಗೆ ಬಣ್ಣ ತಿರುಗುವ ಹೊತ್ತಿನಲ್ಲಿ. ದೇವರುಗಳೆಲ್ಲ ಮನೆಯಲ್ಲೇ ಇರುವಾಗ.

ಮೇಲಿನ ಕೇರಿಯಲ್ಲಿ ಚಾನ್‌ಗುಕ್ ಅವನನ್ನು ಒಳಗೆ ಕರೆಯಲಿಲ್ಲ. ಅಂಗಳದಲ್ಲೇ ನಿಲ್ಲಿಸಿ ಕೇಳಿದ.

"ಹೊಸ್ತಿಲು ಎಲ್ಲಿಟ್ಟೆ?"

ಮಾನ್‌ಸೊಕ್ ಚಪ್ಪಲಿಯ ಮಣ್ಣನ್ನು ಕಲ್ಲಿಗೆ ಒರೆಸಿದ.

"ಎಲ್ಲಿಟ್ಟೆ ಅಂದೆ."

"ಹುಳ ತಿಂದಿತ್ತಣ್ಣ. ಸೌದೆಗೆ ಹಾಕ್ದೆ."

ಚಾನ್‌ಗುಕ್ ನಕ್ಕನಂತೆ. "ಬಾಗಿಲು ಕಾಯೋನನ್ನ ಒಲೆಗಿಟ್ಟು ಅವ್ವನಿಗೆ ಅನ್ನ ಬೇಯಿಸ್ತೀಯ. ಹೋಗು. ನೀನೇ ಉಣ್ಣು."

ಬಾಗಿಲು ಕಾಯುವವನು ಅಂದರೆ ಹೊಸ್ತಿಲಲ್ಲಿರುವ ಮನೆದೇವರು, ಬರೀ ಕಾವಲಿನವನಲ್ಲ. ಹಳೆಯ ಕತೆಯಲ್ಲಿ ಅವನೂ ಒಬ್ಬ ತಾಯಿಯ ಕಿರಿಮಗ. ಆ ತಾಯಿಯನ್ನು ನೀರಿಗೆ ತಳ್ಳಿ, ಅವಳ ಬಟ್ಟೆಯನ್ನೇ ಉಟ್ಟು ಮನೆಗೆ ಬಂದವಳೊಬ್ಬಳಿದ್ದಳು. ಅಣ್ಣಂದಿರೆಲ್ಲ ಅವಳನ್ನು 'ಅವ್ವಾ' ಎಂದರು. ಇವಳು ನಮ್ಮವ್ವ ಅಲ್ಲ ಎಂದವನು ಕಿರಿಯನೊಬ್ಬನೇ. ಅದಕ್ಕೇ ಅವನನ್ನು ಬಾಗಿಲಲ್ಲಿ ನಿಲ್ಲಿಸಿದ್ದು. ಬಂದವರು ಯಾರು ಎಂದು ಅವನಿಗೆ ತಿಳಿಯುತ್ತದೆ, ನಮಗೆ ತಿಳಿಯುವುದಿಲ್ಲ. ಸತ್ತವರ ಎಡೆಗಿಂತ ಮೊದಲು ಅವನ ಎಡೆ ಇಡುತ್ತೇವೆ. ಅವನು ಉಂಡು, ನೋಡಿ, ನಮ್ಮವರನ್ನು ಮಾತ್ರ ಒಳಗೆ ಬಿಡುತ್ತಾನೆ. ಚಿಕ್ಕಮ್ಮ ಬದುಕಿರುವಷ್ಟು ದಿನ ಬೆಳಗೆದ್ದು ಮೊದಲು ಮಾಡುತ್ತಿದ್ದದ್ದು ಒದ್ದೆ ಬಟ್ಟೆಯಲ್ಲಿ ಹೊಸ್ತಿಲು ಒರೆಸುವುದು. ನಾವು ಮಕ್ಕಳು ಅದರ ಮೇಲೆ ಕೂತರೆ, "ಏಳ್ರೋ, ಅದು ಅವನ ಹೆಗಲು," ಎಂದು ಚಿವುಟಿ ಎಬ್ಬಿಸುತ್ತಿದ್ದಳು.

ಮಾನ್‌ಸೊಕ್ ಇಳಿಯುತ್ತ ಬಂದ. ಊರ ನಡುವೆ ದೊಡ್ಡ ಪೆಂಗ್ ಮರ, ಅದರ ಬುಡದಲ್ಲಿ ಸಿಹಿನೀರಿನ ಬಾವಿ. ನಲ್ಲಿ ಬಂದಮೇಲೆ ಅದರ ನೀರು ಯಾರೂ ಸೇದುವುದಿಲ್ಲ. ಅಲ್ಲಿ ಬಂದಾಗ ಕೇಳಿಸಿತು.

ಹ್ಹೂ... ಯ್...

ಗೋಡೆಯ ಕಲ್ಲುಸಂದಿನ ಗಾಳಿ ಅಂದುಕೊಂಡ. ನಮ್ಮ ಕರಿಕಲ್ಲಿನ ಗೋಡೆಗಳಿಗೆ ಗಾರೆಯಿಲ್ಲ, ಗಾಳಿ ಬಂದರೆ ಸಿಳ್ಳೆ ಹಾಕುತ್ತವೆ. ಆದರೆ ಆ ರಾತ್ರಿ ಗಾಳಿ ಇರಲಿಲ್ಲ. ಮರದ ಒಂದೆಲೆಯೂ ಅಲುಗಲಿಲ್ಲ.

ಹ್ಹೂ... ಯ್...

ಕಡಲ ಹೆಂಗಸರು ನೀರಿನಡಿಯಿಂದ ತಲೆಯೆತ್ತಿ, ಹಿಡಿದ ಉಸಿರನ್ನು ಬಿಡುವ ಸಿಳ್ಳೆ ಅದು. ಅದನ್ನು ಕೇಳುತ್ತಲೇ ಬೆಳೆದವನು ಅವನು.

"ಅವ್ವಾ?" ಎಂದ. ಮೆಲ್ಲಗೆ.

ಹಿಂದೆ ಕಲ್ಲಿನ ಮೇಲೆ ಪಚ್... ಎಂದಿತು. ನಿಂತಿತು. ಮತ್ತೆ ಪಚ್...

ಸತ್ತವರನ್ನು ಮನೆಗೆ ಕರೆತರುವಾಗ ತಿರುಗಿ ನೋಡಬಾರದು. ಅವನು ನೋಡಲಿಲ್ಲ. ಹೆದರಲೂ ಇಲ್ಲ, ಪಾಪ... ಖುಷಿಯಾಯಿತಂತೆ. ಅಣ್ಣನಿಗೆ ಈಗ ಇದನ್ನು ಕೇಳಿಸಬೇಕಿತ್ತು ಅನ್ನಿಸಿತಂತೆ. ಅವ್ವನಿಗೆ ಮಂಡಿನೋವು ಇತ್ತೆಂದು ನಿಧಾನವಾಗಿ ಹೆಜ್ಜೆ ಹಾಕುತ್ತ ಮನೆಯವರೆಗೂ ಬಂದ.

ಅಂಗಳದ ಬಾಯಿಗೆ ಅಡ್ಡ ಹಾಕುವ ಗಳಗಳನ್ನು ಇನ್‌ಸುನ್ ಆಗಲೇ ಕೆಳಗಿಳಿಸಿದ್ದಳು. ಎಡೆಯ ರಾತ್ರಿ ದಾರಿಗೆ ಅಡ್ಡ ಇರಬಾರದು. ಸುಟ್ಟ ಮೀನು, ಜರೀಗಿಡದ ಚಿಗುರಿನ ಪಲ್ಯ, ಕಡ್ಡಿಗೆ ಚುಚ್ಚಿ ಸುಟ್ಟ ಹಂದಿಮಾಂಸ, ಎಲ್ಲ ಸಿದ್ಧವಿದ್ದವು. ಅವರ ಪುಟ್ಟ ಮಗಳು ಅಡುಗೆಮನೆಯಲ್ಲಿ ನಿದ್ದೆ ಹೋಗಿದ್ದಳು. ಭಾವ ಬರಲಿಲ್ಲವಾ ಎಂದು ಕೇಳಿದಳು. ಬರದಿದ್ದರೆ ಕತ್ತೆ ಬಾಲ, ಅವ್ವ ಬಂದಿದ್ದಾಳೆ ಎಂದ ಅವನು. ಇನ್‌ಸುನ್ ಅವನ ಬಾಯಿ ಮೂಸಿ ನೋಡಿದಳು. ಕುಡಿದಿರಲಿಲ್ಲ.

ಗಾಜಿನ ಬಾಗಿಲನ್ನು ಪೂರ್ತಿ ಸರಿಸಿ, ಕಂಬಿಯ ಹತ್ತಿರ ಸಣ್ಣ ಮಣೆ ಇಟ್ಟು ಬಾಗಿಲವನ ಎಡೆ ಬಡಿಸಿದ. ಊದುಕಡ್ಡಿ ಹಚ್ಚಿದ. ಬಟ್ಟಲಿಗೆ ಸಾರಾಯಿ ಸುರಿದ. ಅಡ್ಡಬಿದ್ದ.

"ಯಾರಿಗೆ ಬಡಿಸ್ತಿದೀರಿ?" ಎಂದಳು ಇನ್‌ಸುನ್. ಅಂಗಡಿ ಬಾಗಿಲಂಥ ಬಾಗಿಲು ಬೇಡ ಎಂದು ಅವಳು ಮೊದಲೇ ಜಗಳವಾಡಿದ್ದಳು. "ಅಲ್ಲಿ ಈಗ ಕಂಬಿ ಬಿಟ್ರೆ ಯಾರಿದಾರೆ?"

ಆಗ ಅಂಗಳದಲ್ಲಿ... ಹ್ಹೂ... ಯ್...

ಪಚ್... ಪಚ್... ಬಾಗಿಲಿನವರೆಗೆ ಬಂದು ನಿಂತಿತು. ಕಂಬಿಯಾಚೆ ಕತ್ತಲೆ ಬಿಟ್ಟು ಏನೂ ಕಾಣದು. ಸಿಳ್ಳೆ ಮಾತ್ರ, ಮತ್ತೆ ಮತ್ತೆ. ಒಳಗೆ ಬರದು, ಹೋಗದು.

ಅಲ್ಲಿ ಒಳಗೆ ಬಿಡುವವನು ಇಲ್ಲ, ಅದಕ್ಕೇ ಅವ್ವ ನಿಂತಿದ್ದಾಳೆ ಎಂದುಕೊಂಡ ಮಾನ್‌ಸೊಕ್. ಮನೆಯವರು ಬಾಯಿಬಿಟ್ಟು ಕರೆಯುವ ಪದ್ಧತಿ ಇಲ್ಲ. ಆದರೂ ಬಾಯಿ ತೆರೆದ.

ಇನ್‌ಸುನ್ ಅವನ ತೋಳು ಹಿಡಿದಳು. "ಕರೀಬೇಡಿ."

"ಯಾಕೆ?"

"ಸರಿಯಾಗಿ ಕೇಳಿ... ಉಸಿರು ಬಿಡ್ತಿದೆ. ಎಳ್ಕೊಳ್ಳೋದು ಕೇಳಿಸ್ತಿಲ್ಲ."

"ನಿನಗೆ ಅವಳು ಬದುಕಿದ್ದಾಗ್ಲೂ ಬೇಡವಾಗಿದ್ಲು," ಎಂದ ಅವನು. ಆ ಮಾತನ್ನು ಇನ್‌ಸುನ್ ಇವತ್ತಿಗೂ ಮರೆತಿಲ್ಲ. ಆಮೇಲೆ ಕತ್ತಲೆಯ ಕಡೆ ತಿರುಗಿ, "ಅವ್ವಾ, ಒಳಗೆ ಬಾ," ಎಂದು ಕರೆದ.

ಮೇಣದಬತ್ತಿಯ ಉರಿ ಒಳಗಡೆಗೆ ಬಾಗಿತು. ನೆಲದ ಹಲಗೆ ಕಿರ್... ಎಂದಿತು. ಹಲಗೆ ಹಲಗೆಯಾಗಿ ಆ ಸದ್ದು ಒಳಗೆ ಅವ್ವನಿಗೆ ಇಟ್ಟ ದೊಡ್ಡ ಎಡೆಯವರೆಗೆ ಹೋಯಿತು. ಅನ್ನದ ಬಟ್ಟಲಿನ ಮುಚ್ಚಳ ಟಿಣ್ ಎಂದಿತು. ಕೋಣೆಯಲ್ಲಿ ಪಾಚಿಯ ವಾಸನೆ... ಕಡಲ ಪಾಚಿಯದಲ್ಲ. ಉಪ್ಪಿನ ಸುಳಿವೇ ಇರಲಿಲ್ಲ ಎಂದಳು ಇನ್‌ಸುನ್. ಬಾವಿಯ ಒಳಗೋಡೆಯಲ್ಲಿ ಕಟ್ಟುವ ಲೋಳೆಯ ವಾಸನೆ.

ಮಾನ್‌ಸೊಕ್ ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದ. ಉಣ್ಣವ್ವಾ, ಬಿಸಿ ಇದೆ, ಮೈ ಬೆಚ್ಚಗೆ ಮಾಡ್ಕೊ... ಎನ್ನುತ್ತಿದ್ದ.

ಆಗ ಅಂಗಳದ ಬಾಯಲ್ಲಿ ಇನ್ನೊಂದು ಸಿಳ್ಳೆ.

ಗಿಡ್ಡ ಸಿಳ್ಳೆ. ಅದರ ಹಿಂದೆಯೇ ಕೆಮ್ಮು. ಆಮೇಲೆ ಹಾ... ಎಂದು ಉಸಿರು ಎಳೆದುಕೊಂಡದ್ದು. ಚಿಕ್ಕಮ್ಮನಿಗೆ ಕಡೇ ವರ್ಷಗಳಲ್ಲಿ ಆ ಕೆಮ್ಮು ಅಂಟಿಕೊಂಡಿತ್ತು. ಕಡಲಲ್ಲಿ ಹತ್ತು ಹೆಂಗಸರ ನಡುವೆಯೂ ಅವಳು ಎಲ್ಲಿದ್ದಾಳೆಂದು ನಮಗೆ ಗೊತ್ತಾಗುತ್ತಿದ್ದದ್ದು ಅದರಿಂದಲೇ.

ಮಾನ್‌ಸೊಕ್ ತಲೆಯೆತ್ತಿದ. ಕೆಮ್ಮು ಅಂಗಳ ದಾಟಿ ಹತ್ತಿರ ಬರುತ್ತಿತ್ತು. ಎದ್ದು ಬಾಗಿಲಿಗೆ ಹೋದ. ಕೈ ಬಾಗಿಲಿನ ಮೇಲಿತ್ತು. ಬಾಗಿಲು ತೆರೆದೇ ಇತ್ತು.

ಬೆನ್ನ ಹಿಂದೆ, ಎಡೆಯ ಕಡೆಯಿಂದ, ಅವ್ವನ ದನಿ ಹೇಳಿತು.

"ಬಾಗಿಲು ಹಾಕು... ಗಾಳಿ."

ಆ ರಾತ್ರಿ ಗಾಳಿ ಇರಲಿಲ್ಲ. ಹೇಳಿದೆನಲ್ಲ.

ಅವನು ಹಾಕಿದ. ಮಗ ಅಲ್ಲವೇ... ಅವ್ವ ಹಾಕು ಎಂದರೆ ಹಾಕುತ್ತಾನೆ. ಗರ್ರ್... ಎಂದು ಸರಿದು, ಟಕ್ ಎಂದು ಕೂತಿತು.

ಹೊರಗೆ ಯಾರೂ ತಟ್ಟಲಿಲ್ಲ, ಕೂಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಕೆಳಗೆ, ಕಂಬಿಯ ಉದ್ದಕ್ಕೂ, ಸರ್... ಸರ್... ಎಂಬ ಸದ್ದು. ಒದ್ದೆ ಬಟ್ಟೆಯಲ್ಲಿ ಒರೆಸುವ ಸದ್ದು. ಈ ತುದಿಯಿಂದ ಆ ತುದಿಗೆ. ಮತ್ತೆ ವಾಪಸು. ನಡುವೆ ಕೆಮ್ಮು.

ಇನ್‌ಸುನ್ ಬಾಗಿಲು ತೆಗೆಯಲು ಹೋದಳು. ಮಾನ್‌ಸೊಕ್ ಅವಳ ಮಣಿಕಟ್ಟು ಹಿಡಿದ. ಹಿಡಿದವನು ಅಳುತ್ತಿದ್ದ, ಆದರೆ ಬಿಡಲಿಲ್ಲ. ಹಿಂದಿನಿಂದ ಚಮಚ ಬಟ್ಟಲಿಗೆ ತಗಲುವ ಟಣ್... ಟಣ್... ಕೋಳಿ ಕೂಗುವವರೆಗೂ ಹೊರಗಿನದೂ ನಿಲ್ಲಲಿಲ್ಲ, ಒಳಗಿನದೂ ನಿಲ್ಲಲಿಲ್ಲ.

ಬೆಳಗಾದಾಗ ಅಂಗಳದ ಬಾಯಲ್ಲಿ ಚಾನ್‌ಗುಕ್ ನಿಂತಿದ್ದ. ಮನೆಯಲ್ಲಿ ಕೂರಲಾಗದೆ ರಾತ್ರಿಯೇ ಬಂದಿದ್ದನಂತೆ, ಅಂಗಳಕ್ಕೆ ಕಾಲಿಡಲು ಮಾತ್ರ ಅಭಿಮಾನ ಬಿಟ್ಟಿರಲಿಲ್ಲ. ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

"ಅವ್ವ ನನ್ನ ಪಕ್ಕದಲ್ಲೇ ಹಾದುಹೋದ್ಲು," ಎಂದ. "ನೀನು ಅವಳ ಮುಖದ ಮೇಲೆ ಬಾಗಿಲು ಹಾಕ್ದೆ."

ಅಷ್ಟೇ. ಅದೇ ಅಣ್ಣ ತಮ್ಮಂದಿರ ಕೊನೆಯ ಮಾತು.

ಆ ಚಳಿಗಾಲ, ದೇವರುಗಳು ಮೇಲೆ ಹೋದ ದಿನಗಳಲ್ಲಿ, ಮಾನ್‌ಸೊಕ್ ಗಾಜಿನ ಬಾಗಿಲು ಕಿತ್ತೆಸೆದು ಗಟ್ಟಿಮರದ ಹೊಸ್ತಿಲು ಕೂರಿಸಿದ. ಬಾಗಿಲವನನ್ನು ಮತ್ತೆ ಕರೆದು ನಿಲ್ಲಿಸಲು, ದೈವ ಕರೆಯುವ ಮುದುಕಿಯೊಬ್ಬಳನ್ನು ಪಕ್ಕದೂರಿನಿಂದ ತಂದ. ಅವಳು ದಿನವಿಡೀ ತಮಟೆ ಬಡಿಸಿ, ಕುಣಿದು, ಸಂಜೆಗೆ ಸುಸ್ತಾಗಿ ಕೂತು ಸಿಗರೇಟು ಸೇದಿದಳು.

"ನಿಲ್ಲಿಸಿದೀನಿ ಅವನನ್ನ," ಎಂದಳು. "ಹೊರಗಿಂದ ಬರೋರನ್ನ ಅವನು ನೋಡ್ಕೋತಾನೆ. ಒಳಗೆ ಕೂತೋಳನ್ನ ಎಬ್ಬಿಸೋದು ಅವನ ಕೆಲಸ ಅಲ್ಲ. ಕರೆದೋನು ಎಬ್ಬಿಸ್ಬೇಕು."

ಏನು ಮಾಡಬೇಕು ಎಂದು ಮಾನ್‌ಸೊಕ್ ಕೇಳಿದ. ಎದ್ದು ಹೋಗು ಅನ್ನಬೇಕು, ಅಷ್ಟೇ, ಎಂದಳು ಮುದುಕಿ.

ಆ ರಾತ್ರಿ ಅವನು, ಬಾವಿಯ ವಾಸನೆ ಇನ್ನೂ ಬಿಡದ ಕೋಣೆಯ ಮೂಲೆಗೆ ಮುಖ ಮಾಡಿ ನಿಂತ. ಇನ್‌ಸುನ್ ಮಗಳನ್ನು ತಬ್ಬಿಕೊಂಡು ಅಡುಗೆಮನೆಯಲ್ಲಿದ್ದಳು.

"ಏಳು," ಎಂದ ಅವನು. "ಎದ್ದು ಹೋಗು."

ಮೂಲೆಯಿಂದ, ಮೆಲ್ಲಗೆ...

"ಹೊರಗೆ ಚಳಿ ಕಣೋ, ಮಗಾ."

ಅವನಿಗೆ ಎರಡನೇ ಸಲ ಹೇಳಲಾಗಲಿಲ್ಲ. ಅವ್ವ ಅಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಹೇಳಲಾಗಲಿಲ್ಲ.

ಮರುದಿನ ಇನ್‌ಸುನ್ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಮಾನ್‌ಸೊಕ್ ಒಬ್ಬನೇ ಕೆಲವು ಕಾಲ ಅಲ್ಲಿ ಇದ್ದ, ಆಮೇಲೆ ಅವನೂ ಹೆಂಡತಿಯ ಊರಿಗೆ ಹೋದ. ಈಗಲೂ ಅಲ್ಲೇ ಇದ್ದಾನೆ, ಕಿತ್ತಳೆ ತೋಟದಲ್ಲಿ ಕೆಲಸ. ಯಾರ ಮನೆಗೂ ಹೋಗುವುದಿಲ್ಲ, ಯಾರನ್ನೂ ಮನೆಗೆ ಕರೆಯುವುದಿಲ್ಲ. ಚಿಕ್ಕಮ್ಮನ ಎಡೆ ಈಗ ಮೇಲಿನ ಕೇರಿಯಲ್ಲಿ, ಚಾನ್‌ಗುಕ್‌ನ ಮನೆಯಲ್ಲಿ. ಅಲ್ಲಿಗಾದರೂ ಅವಳು ಬರುತ್ತಾಳೋ ಇಲ್ಲವೋ, ನಾನು ಕೇಳಿಲ್ಲ.

ಆ ಮನೆ ಹಾಗೇ ಇದೆ, ಕೊಳ್ಳುವವರಿಲ್ಲ. ಹೋದ ಶರತ್ಕಾಲದಲ್ಲಿ ಒಂದು ಬೆಳಗ್ಗೆ ಆ ದಾರಿಯಲ್ಲಿ ಹೋದಾಗ ಅಂಗಳಕ್ಕೆ ಹೋಗಿ ನೋಡಿದೆ. ಸೂರಿನಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ, ಎಲ್ಲ ಕಡೆ ಜೇಡರ ಬಲೆ, ಹಳದಿ ಪಟ್ಟೆಯ ದೊಡ್ಡ ಜೇಡಗಳು. ಒಂದು ಕೈ ತೂರಿಸಲೂ ಜಾಗವಿರಲಿಲ್ಲ. ಬಾಗಿಲ ಕದವನ್ನು ಯಾರೋ ಹೊತ್ತುಕೊಂಡು ಹೋಗಿದ್ದಾರೆ, ಬರೀ ಚೌಕಟ್ಟು ಉಳಿದಿದೆ. ಆ ಚೌಕಟ್ಟಿನಲ್ಲಿ ಮಾತ್ರ ಬಲೆ ಇರಲಿಲ್ಲ. ಎರಡು ಬದಿಗೂ ಹರಿದ ಎಳೆಗಳು ಜೋತಾಡುತ್ತಿದ್ದವು. ಅವುಗಳ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ.

ಇದನ್ನು ಯಾರೋ ಹೇಳಿದ್ದಲ್ಲ. ನಾನೇ ನೋಡಿದ್ದು.