ದೇವರನ್ನು ಎಷ್ಟು ಸಲ ಕೇಳಬಹುದು

ಸೋಮವಾರಪೇಟೆಯಲ್ಲಿ ಹೊರಡಲು ನಿಂತಿದ್ದ ಮಡಿಕೇರಿ ಬಸ್ಸಿನ ಕಿಟಕಿಯಿಂದ ಚನ್ನಮಲ್ಲಪ್ಪನವರು ಅಕ್ಕನ ಮಗಳ ಹಾಸಿಗೆ ಸುರುಳಿಯನ್ನು ಹೊರಕ್ಕೆಳೆದರು. ಒಳಗಿನಿಂದ ಅಕ್ಕ ಸುಮಿತ್ರಮ್ಮ ಎಳೆದರು. ಸುರುಳಿಯು ತಾಯಿ ಮಗಳ ನಡುವೆ ಕೂತಿದ್ದ ಪ್ರಯಾಣಿಕ ಪುಟ್ಟರಾಜುವಿನ ಮಡಿಲೇರಿತು. ಅಪರಿಚಿತರ ಜಗಳದಲ್ಲಿ ಇಷ್ಟು ಒಳ್ಳೆಯ ಜಾಗ ಅವನಿಗೆ ಎಂದೂ ಸಿಕ್ಕಿರಲಿಲ್ಲ.

"ಟೀಚರ್ ಟ್ರೈನಿಂಗೂ ಬೇಡ, ಎಂಥದೂ ಬೇಡ. ದೇವರೇ ಎಡಗಡೆ ಹೂ ಬೀಳಿಸಿ ಬೇಡ ಅಂದಿದಾನಲ್ಲ ಅಕ್ಕ!"

"ಅದು ಸೋಮವಾರ. ಮಂಗಳವಾರ ನಾನು ಕೇಳಿದಾಗ ಬಲಗಡೆ ಕೊಟ್ಟು ಹೋಗ್ಲಿ ಅಂದ."

"ಒಂದೇ ಪ್ರಶ್ನೆನ ಎರಡು ಸಲ ಕೇಳ್ತಾರಾ?"

"ಇವಳನ್ನ ನಿನ್ನ ಮಗನಿಗೆ ತಂದ್ಕೋಬಹುದಾ ಅಂತ ನೀನು ಮೂರು ಸಲ ಕೇಳ್ಸಿದ್ಯಲ್ಲಪ್ಪ?"

"ಆಗ ಗುಡೀಲಿ ಗಲಾಟೆ. ದೇವರಿಗೆ ಕೇಳಿಸಿರಲಿಲ್ಲ."

ಬಸ್ಸು ಗೊಳ್ಳೆಂದಿತು.

"ಬೇಗ ಉದುರ್ಲಿ ಅಂತ ವಿಗ್ರಹದ ಬಲಗಡೆ ಹೂವಿಗೆ ನೀರು ಕಮ್ಮಿ ಹಚ್ಚಿದ್ದೆ ನೀನು!"

"ಹಚ್ಚಿದ್ದೆ. ದೇವರಿಗೆ ಬೇಡ ಅಂತಿದ್ರೆ ಒಣಹೂವನ್ನೂ ಹಿಡ್ಕೊಂಡಿರೋನು."

ಚನ್ನಮಲ್ಲಪ್ಪನವರು ಸುರುಳಿ ಬಿಟ್ಟು, ಕಿಟಕಿಯ ಪಕ್ಕದ ಹುಡುಗಿಯತ್ತ ತಿರುಗಿದರು.

"ಇಳಿಯಮ್ಮ ಮಂಗಳ. ಈ ಸಲ ಗುಡಿ ಅಯ್ನೋರೇ ಹೂ ಅಂಟಿಸ್ಲಿ, ನಾವಿಬ್ರೂ ಮುಟ್ಟಲ್ಲ. ಬಲಗಡೆ ಬಿದ್ರೆ ನಾನೇ ಮಡಿಕೇರಿಗೆ ಬಿಟ್ಟು ಬರ್ತೀನಿ."

"ಎಡಗಡೆ ಬಿದ್ರೂ ನಾನು ಹೋಗೋಳೇ ಮಾವ. ಹೇಳಿದ ಹಾಗೆ ನಡೆಯೋ ಮನಸ್ಸಿಲ್ದೆ ದೇವರನ್ನ ಕೇಳೋದು ಮೋಸ ಅಲ್ವಾ? ನಾನು ಇಳಿಯಲ್ಲ."